ಬಾಟಲಿಯೊಳಗೆ ಗುಲಗಂಜಿ ಹುಳು: ಇಪ್ಪತ್ತು ದಿನದ ಪಾಠ

ಭತ್ತದ ಕೊಯ್ಲಾದ ಮೇಲೆ ಮನೆಯೆದುರಿನ ಗದ್ದೆಗೆ ಅಲಸಂಡೆ ಹಾಕುವುದು ನಮ್ಮಲ್ಲಿ ಅಜ್ಜನ ಕಾಲದಿಂದ ಬಂದ ಕ್ರಮ. ಆ ವರ್ಷ ಹನ್ನೆರಡು ಸಾಲು ಹಾಕಿದ್ದೆ. ಬಳ್ಳಿ ಚೆನ್ನಾಗಿಯೇ ಎದ್ದಿತು. ಹೂ ಬಿಡುವ ಹೊತ್ತಿಗೆ ಹೇನಿನ ಕಾಟ ಶುರು. ಕುಡಿ, ಹೂವಿನ ತೊಟ್ಟು, ಎಳೆ ಕೋಡು ಎಲ್ಲ ಕಡೆ ಎಳ್ಳು ಮೆತ್ತಿದ ಹಾಗೆ ಕರಿಹೇನು. ನಾಲ್ಕು ದಿನ ಬಿಟ್ಟು ನೋಡುತ್ತೇನೆ, ಹೇನಿನ ನಡುವೆ ಕಪ್ಪು ಮೈಯ, ಮುಳ್ಳುಮುಳ್ಳಾದ ಹುಳುಗಳು ಬೇರೆ ಓಡಾಡುತ್ತಿವೆ. ನೋಡಲು ಪುಟ್ಟ ಮೊಸಳೆಯಂತೆ. ಹೇನು ಸಾಲದು ಅಂತ ಇದೊಂದು ಹೊಸ ರೋಗ ಬಂತಲ್ಲ ಎಂದುಕೊಂಡೆ. ಪೇಟೆಗೆ ಹೋಗಿ ವಿಷ ತಂದು ಹೊಡೆದೆ.

ಹೇನೂ ಸತ್ತಿತು, ಮೊಸಳೆಯೂ ಸತ್ತಿತು. ಹತ್ತು ದಿನ ನೆಮ್ಮದಿ. ಆಮೇಲೆ ಹೇನು ತಿರುಗಿ ಬಂತು, ಮೊದಲಿನದ್ದಕ್ಕಿಂತ ಹೆಚ್ಚು. ಮೊಸಳೆ ಮಾತ್ರ ಬರಲಿಲ್ಲ. ಮತ್ತೆ ಹೊಡೆದೆ. ಇನ್ನೊಮ್ಮೆ ಹೊಡೆದೆ. ಆಗ ಕೋಡು ಕೊಯ್ಲಿಗೆ ಬಂದಿತ್ತು. 'ಮನೆಗೆ ಕೊಯ್ಯುವುದು ಬೇಡ, ಮೊನ್ನೆಯಷ್ಟೇ ಹೊಡೆದದ್ದು' ಎಂದೆ. ಅಮ್ಮ ಅಂಗಳದಲ್ಲಿ ಕೂತು ಪೇಟೆಗೆ ಹೋಗುವ ಕಟ್ಟುಗಳನ್ನು ನೋಡುತ್ತಿದ್ದರು. 'ನಮಗೆ ಬೇಡದ್ದು ಪೇಟೆಯವರಿಗೆ ಆಗ್ತದಾ ಮಗಾ?' ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಆ ದಿನದ ಕಟ್ಟು ಪೇಟೆಗೆ ಹೋಗಲಿಲ್ಲ.

ಉತ್ತರ ಸಿಕ್ಕಿದ್ದು ಮಗಳ ಹಾರ್ಲಿಕ್ಸ್ ಬಾಟಲಿಯಲ್ಲಿ. ಮುಂದಿನ ಬೇಸಿಗೆಯಲ್ಲಿ ಅವಳು ಅದೇ ಮೊಸಳೆ ಹುಳುವೊಂದನ್ನು, ಇದರಿಂದ ಯಾವ ಚಿಟ್ಟೆ ಬರುತ್ತದೆ ನೋಡಬೇಕು ಅಂತ, ಹೇನು ಇದ್ದ ಕುಡಿಯ ಸಮೇತ ಬಾಟಲಿಗೆ ಹಾಕಿಟ್ಟಿದ್ದಳು. ಒಂದು ವಾರದ ಮೇಲೆ ಬೆಳಗ್ಗೆ ಕೂಗಿದಳು: 'ಅಪ್ಪಾ, ಚಿಟ್ಟೆ ಅಲ್ಲ, ಗುಲಗಂಜಿ ಹುಳು!'

ನಾನು ಹಿಂದಿನ ವರ್ಷ ದುಡ್ಡು ಕೊಟ್ಟು ಕೊಂದದ್ದು ನನ್ನದೇ ಆಳುಗಳನ್ನು. ಸಂಬಳ ಕೇಳದ ಆಳುಗಳನ್ನು.

ಹೆಸರು ಗೊತ್ತು, ಮರಿ ಗೊತ್ತಿಲ್ಲ

ಗುಲಗಂಜಿ ಹುಳು ಯಾರಿಗೆ ಗೊತ್ತಿಲ್ಲ? ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿ ಬೀಜದ ಹಾಗೆ ಉರುಟು, ಕೆಂಪು, ಮೇಲೆ ಕಪ್ಪು. ಮಕ್ಕಳು ಕೈಮೇಲೆ ಹತ್ತಿಸಿಕೊಂಡು ಆಡುತ್ತಾರೆ. ಅದು ಉಪಕಾರಿ ಎಂಬುದನ್ನೂ ನಾವು ಕೇಳಿದ್ದೇವೆ. ಆದರೆ ಅದರ ಮರಿ ಹೇಗಿರುತ್ತದೆ, ಮೊಟ್ಟೆ ಹೇಗಿರುತ್ತದೆ ಎಂದು ಹತ್ತು ಮಂದಿ ಕೃಷಿಕರನ್ನು ಕೇಳಿ ನೋಡಿ. ಹೇನನ್ನು ತಿಂದು ಮುಗಿಸುವ ಕೆಲಸದಲ್ಲಿ ದೊಡ್ಡ ಪಾಲು ಮರಿಯದ್ದು. ನಾವು ಗುರುತು ಹಿಡಿಯದೆ ಕೊಲ್ಲುವುದೂ ಮರಿಯನ್ನೇ.

ಅಲಸಂಡೆಯಲ್ಲಿ ನಮ್ಮ ಕಡೆ ಹೆಚ್ಚು ಕಾಣುವುದು ಹಳದಿ-ಕಿತ್ತಳೆ ಬೆನ್ನಿನ ಮೇಲೆ ಕಪ್ಪು ಅಂಕುಡೊಂಕು ಗೆರೆ ಇರುವ ಜಾತಿ. ವಿಜ್ಞಾನಿಗಳು ಕೊಟ್ಟ ಹೆಸರು ಚೈಲೋಮೆನಿಸ್ ಸೆಕ್ಸ್‌ಮ್ಯಾಕುಲೇಟ. ಇನ್ನೊಂದು ಸ್ವಲ್ಪ ಕೆಂಪು, ನಡುಬೆನ್ನಲ್ಲಿ ಉದ್ದಕ್ಕೆ ಕಪ್ಪು ಪಟ್ಟಿ ಇರುವಂಥದ್ದು, ಕಾಕ್ಸಿನೆಲ್ಲ ಟ್ರಾನ್ಸ್‌ವರ್ಸಾಲಿಸ್. ಎರಡರ ಬದುಕೂ ಸುಮಾರು ಒಂದೇ ಥರ. ನಾವು ಸಾಕಿದ್ದು ಮೊದಲನೆಯದ್ದನ್ನು.

ಮೊದಲು ಹೇನು ಸಾಕಿ

ನಗಬೇಡಿ. ಹಟ್ಟಿ ಕಟ್ಟುವ ಮೊದಲು ಹುಲ್ಲು ನೋಡಿಕೊಳ್ಳಬೇಕಲ್ಲ, ಹಾಗೇ ಇದು. ನಮ್ಮ ಮೊದಲ ಪ್ರಯತ್ನ ಕೆಟ್ಟದ್ದು ಇಲ್ಲೇ. ಮೊಟ್ಟೆ ಒಡೆದು ಮರಿ ಬಂತು, ಹೇನು ಮುಗಿಯಿತು, ಮರಿಗಳು ಒಂದನ್ನೊಂದು ತಿಂದವು.

ಕ್ರಮ ಸುಲಭ. ಐದಾರು ಗೆರಟೆಗೆ ತೂತು ಮಾಡಿ ಮಣ್ಣು-ಹಟ್ಟಿಗೊಬ್ಬರ ತುಂಬಿ, ಒಂದೊಂದರಲ್ಲಿ ನಾಲ್ಕು ಅಲಸಂಡೆ ಬೀಜ ಹಾಕಿ. ವಾರ ಬಿಟ್ಟು ಇನ್ನೈದು ಗೆರಟೆ. ಹೀಗೆ ಮೂರು ವಾರ. ಗಿಡಕ್ಕೆ ಮೂರು ನಾಲ್ಕು ಎಲೆ ಬಂದಾಗ ಹೇನು ಇದ್ದ ಒಂದು ಕುಡಿಯನ್ನು ತಂದು ಅದರ ಮೇಲಿಡಿ. ಕುಡಿ ಬಾಡುತ್ತಿದ್ದಂತೆ ಹೇನುಗಳು ತಾವಾಗಿ ಹೊಸ ಗಿಡಕ್ಕೆ ಇಳಿಯುತ್ತವೆ. ಈ ಹೇನಿಗೆ ಗಂಡಿನ ಹಂಗಿಲ್ಲ. ಹೆಣ್ಣು ಹೇನು ಕೂಡದೆಯೇ, ಮೊಟ್ಟೆಯನ್ನೂ ಇಡದೆ, ನೇರವಾಗಿ ಮರಿ ಹಾಕುತ್ತದೆ. ಆ ಮರಿ ವಾರದೊಳಗೆ ತಾನೂ ಹೆರಲು ಶುರು. ಗದ್ದೆಯಲ್ಲಿ ಹೇನು 'ಒಂದೇ ರಾತ್ರಿಯಲ್ಲಿ ಬಂತು' ಎಂದು ನಮಗೆ ಕಾಣುವುದು ಇದಕ್ಕೇ.

ಗೆರಟೆಗಳನ್ನು ಗದ್ದೆಯಿಂದ ದೂರ, ಮನೆಯ ಹಿಂಬದಿ ಇಡಿ. ಇರುವೆ ಹತ್ತದ ಹಾಗೆ ನೀರು ತುಂಬಿದ ಹರಿವಾಣದ ನಡುವೆ ಕಲ್ಲಿಟ್ಟು ಅದರ ಮೇಲಿಡಿ. ಹೇನಿನ ಹಿಂಬದಿಯಿಂದ ಒಸರುವ ಸಿಹಿ ನೀರಿನ ಆಸೆಗೆ ಇರುವೆಗಳು ಬರುತ್ತವೆ. ಹೇನನ್ನು ಕಾಯುತ್ತವೆ, ಗುಲಗಂಜಿ ಹುಳುವನ್ನೂ ಮರಿಯನ್ನೂ ಓಡಿಸುತ್ತವೆ.

ಉಳಿದ ಸಾಮಾನು ಇಷ್ಟೇ. ಅಗಲ ಬಾಯಿಯ ನಾಲ್ಕೈದು ಗಾಜಿನ ಬಾಟಲಿ. ಬಾಯಿಗೆ ಕಟ್ಟಲು ಹಳೆ ಪಂಚೆಯ ತುಂಡು, ರಬ್ಬರ್ ಬ್ಯಾಂಡ್. ಮಕ್ಕಳು ಬಣ್ಣ ಹಚ್ಚುವ ಸಪೂರ ಬ್ರಶ್ಶು, ಹತ್ತಿ, ಒಂದು ಭೂತಗನ್ನಡಿ, ಒಂದು ನೋಟ್ ಪುಸ್ತಕ. ಪ್ಲಾಸ್ಟಿಕ್ ಮುಚ್ಚಳ ಬೇಡ. ಒಳಗೆ ಬೆವರಿ ನೀರ ಹನಿ ಕೂತರೆ ಎಳೆ ಮರಿ ಅದರಲ್ಲೇ ಅಂಟಿ ಸಾಯುತ್ತದೆ.

ಇಪ್ಪತ್ತು ದಿನದ ಲೆಕ್ಕ

ಬೇಸಿಗೆಯಲ್ಲಿ ನಮ್ಮ ಜಗಲಿಯ ನೆರಳಿನಲ್ಲಿ ಬಾಟಲಿಗಳಿದ್ದವು. ಚಳಿ ಇರುವ ಕಡೆ ದಿನಗಳು ಹೆಚ್ಚು ಹಿಡಿಯುತ್ತವೆ. ಮಗಳು ಬರೆದಿಟ್ಟ ಪುಸ್ತಕದಿಂದ ತೆಗೆದು ಹೇಳುತ್ತೇನೆ.

ಜೋಡಿ ಹುಡುಕುವುದು: ಬೆಳಗ್ಗೆ ಬಿಸಿಲೇರುವ ಮೊದಲು ಗದ್ದೆಗೆ ಹೋದರೆ ಬೆನ್ನಿಗೆ ಬೆನ್ನೇರಿ ಕೂತ ಜೋಡಿಗಳು ಸಿಗುತ್ತವೆ. ಕೆಳಗಿನ ದೊಡ್ಡದು ಹೆಣ್ಣು. ಬೆರಳಲ್ಲಿ ಹಿಡಿಯಬೇಡಿ. ಕಾಲು ಮಡಚಿ ಸತ್ತಂತೆ ಉರುಳುತ್ತದೆ, ಕಾಲಿನ ಗಂಟಿನಿಂದ ಹಳದಿ ದ್ರವ ಬಿಡುತ್ತದೆ. ಕಹಿ, ಕೆಟ್ಟ ವಾಸನೆ. ಹಕ್ಕಿ ಒಮ್ಮೆ ಬಾಯಿಗೆ ಹಾಕಿಕೊಂಡರೆ ಎರಡನೆಯ ಸಲ ಆ ಬಣ್ಣದ ತಂಟೆಗೆ ಬಾರದು. ಎಲೆಯ ಸಮೇತ ಬಾಟಲಿಗೆ ಇಳಿಸಿ. ಹೇನು ತುಂಬಿದ ಕುಡಿಯ ಬುಡಕ್ಕೆ ಒದ್ದೆ ಹತ್ತಿ ಸುತ್ತಿ ಒಳಗಿಡಿ. ಮಡಚಿದ ಕಾಗದದ ಪಟ್ಟಿ ಒಂದೆರಡು ಇರಲಿ, ಅದರ ಮೇಲೂ ಮೊಟ್ಟೆ ಇಡುತ್ತದೆ.

1ನೇ ದಿನ, ಮೊಟ್ಟೆ: ಹಳದಿ, ಉದ್ದುದ್ದ, ತುದಿಯಲ್ಲಿ ನಿಲ್ಲಿಸಿಟ್ಟ ಹಾಗೆ. ಒಂದರ ಪಕ್ಕ ಒಂದು ಗುಂಪಾಗಿ ಹತ್ತರಿಂದ ಮೂವತ್ತು. ಗದ್ದೆಯಲ್ಲಾದರೆ ಹೇನು ಇರುವ ಕುಡಿಯ ಹತ್ತಿರ, ಹೆಚ್ಚಾಗಿ ಎಲೆಯ ಅಡಿಯಲ್ಲಿ. ಮೊಟ್ಟೆ ಕಂಡ ಕೂಡಲೇ ತಂದೆತಾಯಿಯನ್ನು ಬೇರೆ ಬಾಟಲಿಗೆ ದಾಟಿಸಿ. ಹಸಿವಾದರೆ ಹೆತ್ತ ಮೊಟ್ಟೆಯೆಂಬ ಕರುಣೆ ಅವಕ್ಕಿಲ್ಲ.

3ನೇ ದಿನ: ಹಳದಿ ಮೊಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಹಾಳಾಯಿತು ಎಂದು ಎಸೆಯಬೇಡಿ. ಒಳಗಿನ ಮರಿಯ ಕಪ್ಪು ಹೊರಗೆ ಕಾಣುವುದು ಅದು. ಅದೇ ರಾತ್ರಿ ಒಡೆಯಿತು.

4ನೇ ದಿನ: ಮರಿಗಳು ಒಡೆದ ಚಿಪ್ಪಿನ ಮೇಲೆಯೇ ಗುಂಪಾಗಿ ಕೂತಿದ್ದವು. ಚಿಪ್ಪನ್ನೂ ಒಡೆಯದೆ ಉಳಿದ ಮೊಟ್ಟೆಯನ್ನೂ ತಿಂದವು. ಮೊದಲ ಊಟ ಮನೆಯದ್ದೇ. ಸಂಜೆಗೆ ಚದುರಿದವು. ಬರಿಗಣ್ಣಿಗೆ ಕಪ್ಪು ನೂಲಿನ ಚೂರು ನಡೆದಂತೆ.

5ರಿಂದ 8ನೇ ದಿನ: ಮೊದಲ ದಿನಗಳಲ್ಲಿ ಮರಿ ತನ್ನಷ್ಟೇ ಗಾತ್ರದ ಹೇನನ್ನು ಹಿಡಿದು ರಸ ಹೀರುತ್ತದೆ, ಸಿಪ್ಪೆ ಬಿಡುತ್ತದೆ. ದಿನಕ್ಕೆ ನಾಲ್ಕೈದು ಹೇನು ಅದಕ್ಕೆ ಸಾಕು. ಆಮೇಲೆ ಬಾಲದ ತುದಿಯನ್ನು ಎಲೆಗೆ ಅಂಟಿಸಿ ಅಲ್ಲಾಡದೆ ನಿಂತಿತು. ಸತ್ತಿತೆಂದು ಮಗಳಿಗೆ ಬೇಸರ. ಅದು ಪೊರೆ ಕಳಚುತ್ತಿತ್ತು. ಮರಿಯಾಗಿರುವಾಗ ಹೀಗೆ ಮೂರು ಸಲ ಪೊರೆ ಬಿಡುತ್ತದೆ. ಬಾಟಲಿಯ ಅಡಿಯಲ್ಲಿ ಕಪ್ಪು ಖಾಲಿ ಅಂಗಿಗಳು ಸಿಗುತ್ತವೆ.

9ರಿಂದ 11ನೇ ದಿನ: ಇದೇ ನಾನು ಹೇಳಿದ ಮೊಸಳೆ ರೂಪ. ಕಪ್ಪು ಮೈ, ಮೇಲೆ ಬಿಳಿ-ಹಳದಿ ಮಚ್ಚೆ, ಎದೆಗೆ ಆರು ಕಾಲು, ಹಿಂದಕ್ಕೆ ಸಪೂರ. ಹಸಿವೆಂದರೆ ಹಸಿವು! ಬೆಳಗ್ಗೆ ಐವತ್ತು ಹೇನು ಲೆಕ್ಕ ಮಾಡಿ ಒಂದು ಮರಿಗೆ ಕೊಟ್ಟೆವು. ಮರುದಿನ ಬೆಳಗ್ಗೆ ಕುಡಿ ತೊಳೆದಿಟ್ಟಂತೆ ಇತ್ತು. ಮರಿಯ ಬದುಕಿನ ಒಟ್ಟು ಊಟದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕೊನೆಯ ಹಂತದಲ್ಲೇ ಆಗುವುದು. ನಾನು ಹಿಂದಿನ ವರ್ಷ ವಿಷ ಹೊಡೆದದ್ದು ಸರಿಯಾಗಿ ಈ ಹಂತಕ್ಕೆ. ಇನ್ನು ಮೂರು ದಿನ ಸುಮ್ಮನಿದ್ದಿದ್ದರೆ ಪಂಪು ಹೊರಬೇಕಾಗಿರಲಿಲ್ಲವೇನೋ.

12ನೇ ದಿನ: ತಿನ್ನುವುದು ನಿಂತಿತು. ಬಾಲವನ್ನು ಎಲೆಗೆ ಅಂಟಿಸಿ ಗೂನು ಬಾಗಿ ಕೂತಿತು. ಮರುದಿನ ಕೊನೆಯ ಪೊರೆ ಕಳಚಿ ಕೋಶವಾಯಿತು. ಹಳದಿ, ಮೇಲೆ ಕಪ್ಪು ಚುಕ್ಕೆ, ಸಣ್ಣ ಗುಬಟೆಯಂತೆ. ಬ್ರಶ್ಶಿನಿಂದ ಮುಟ್ಟಿದರೆ ಎದ್ದೆದ್ದು ಬೀಳುತ್ತದೆ, ಶತ್ರುವನ್ನು ಹೆದರಿಸಲು. ಇದನ್ನು ಎಲೆಗೆ ಬಂದ ಗಂಟುರೋಗ ಎಂದು ಚಿವುಟಿ ಎಸೆದವರಿದ್ದಾರೆ. ನಾನೂ ಅವರಲ್ಲೊಬ್ಬ.

16ನೇ ದಿನ: ಬೆಳಗ್ಗೆ ಕೋಶದ ಬೆನ್ನು ಬಿರಿಯಿತು. ಹೊರಬಂದದ್ದು ತಿಳಿಹಳದಿ, ಮೆದು, ಒಂದು ಗೆರೆಯೂ ಇಲ್ಲ. ಒಳರೆಕ್ಕೆಯನ್ನು ಹಿಂದಕ್ಕೆ ಚಾಚಿ ಒಣಗಿಸುತ್ತಾ ಕೂತಿತ್ತು. ನಮ್ಮ ಕಣ್ಣೆದುರೇ ನಿಧಾನಕ್ಕೆ ಕಪ್ಪು ಗೆರೆ ಮೂಡುತ್ತಾ ಬಂತು, ಹೊತ್ತು ಹೋದಂತೆ ಬಣ್ಣ ಗಟ್ಟಿಯಾಯಿತು. ಆ ದಿನ ಮಗಳು ಶಾಲೆಗೆ ಹೊರಡುವಾಗ ತಡ. ನಾನೂ ಬೈಯಲಿಲ್ಲ.

20-21ನೇ ದಿನ: ಹೊಸ ಹೆಣ್ಣು ಮೊಟ್ಟೆ ಇಟ್ಟಿತು. ಚಕ್ರ ಪೂರ್ತಿಯಾಯಿತು. ದೊಡ್ಡ ಹುಳುವೂ ದಿನಾ ಹೇನು ತಿನ್ನುತ್ತದೆ, ಚೆನ್ನಾಗಿ ಉಂಡರೆ ಒಂದೆರಡು ತಿಂಗಳು ಬದುಕಿ ನೂರಾರು ಮೊಟ್ಟೆ ಇಡುತ್ತದೆ.

ನಮ್ಮಿಂದಾದ ತಪ್ಪುಗಳು

ಒಂದು, ಒಂದೇ ಬಾಟಲಿಗೆ ಇಪ್ಪತ್ತು ಮರಿ ಬಿಟ್ಟದ್ದು. ಹೇನು ಇದ್ದರೂ ದೊಡ್ಡದು ಸಣ್ಣದನ್ನು ತಿಂದಿತು. ಪೊರೆ ಕಳಚಿ ಮೆದುವಾಗಿರುವಾಗಲಂತೂ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಬಾಟಲಿಗೆ ನಾಲ್ಕೈದು ಮರಿ ಸಾಕು. ಮಡಚಿದ ಕಾಗದ ಹಾಕಿದರೆ ಅಡಗಲು ಮರೆ ಸಿಗುತ್ತದೆ. ಒಂದೇ ವಯಸ್ಸಿನವು ಒಟ್ಟಿಗಿರಲಿ.

ಎರಡು, ಎಲ್ಲಿಂದಲೋ ಕುಡಿ ತಂದು ಕೊಟ್ಟದ್ದು. ಆ ಗಿಡಕ್ಕೆ ವಿಷ ಹೊಡೆದಿದ್ದರು. ಸಂಜೆಯೊಳಗೆ ಬಾಟಲಿ ಖಾಲಿ. ಹೊಡೆದದ್ದು ಹೌದೋ ಅಲ್ಲವೋ ಗೊತ್ತಿಲ್ಲದ ಕುಡಿ ಬೇಡವೇ ಬೇಡ.

ಮೂರು, ಬಾಟಲಿಯನ್ನು ಬಿಸಿಲಿಗೆ ಮರೆತದ್ದು. ಗಾಜಿನೊಳಗೆ ಬೆಂದೇ ಹೋದವು.

ನಾಲ್ಕು, ಬಾಡಿದ ಕುಡಿಯನ್ನು ಎಸೆಯುವಾಗ ನೋಡದೆ ಎಸೆದದ್ದು. ಅದರ ಅಡಿಯಲ್ಲಿ ಎರಡು ಕೋಶಗಳಿದ್ದವು. ದಿನಾ ಹೊಸ ಕುಡಿಯನ್ನು ಹಳೆಯದಕ್ಕೆ ತಾಗಿಸಿಡಿ. ಮರಿ ತಾನಾಗಿ ದಾಟಲಿ. ಆಮೇಲೆ ತೆಗೆಯಿರಿ.

ಗದ್ದೆಗೆ ಬಿಡುವುದು

ನೋಡಿ ಕಲಿಯಲು ಬಾಟಲಿ ಒಳ್ಳೆಯದು. ಹತ್ತಾರು ಹುಳು ಸಾಕಿ ಹನ್ನೆರಡು ಸಾಲಿನ ಹೇನು ಮುಗಿಸುತ್ತೇನೆ ಎಂದರೆ ಆಗದ ಮಾತು. ಆದರೂ ಸಾಕಿದ್ದನ್ನು ಬಿಡಬೇಕಲ್ಲ. ಆಗ ತಿಳಿದದ್ದು ಇಷ್ಟು.

ದೊಡ್ಡ ಹುಳು ಬಿಟ್ಟರೆ ಹಾರಿಹೋಗುತ್ತದೆ, ನೆರೆಯವರ ಗದ್ದೆಗೂ ಹೋಗಬಹುದು. ಮರಿಗೆ ರೆಕ್ಕೆ ಇಲ್ಲ. ಎರಡನೇ ಪೊರೆ ಬಿಟ್ಟ ಮರಿಗಳನ್ನು ಸಂಜೆ ತಂಪಿನ ಹೊತ್ತಿಗೆ ಬ್ರಶ್ಶಿನಿಂದ ಹೇನು ಇರುವ ಕುಡಿಗೇ ದಾಟಿಸಿದರೆ ಅಲ್ಲೇ ಉಳಿದು ಕೆಲಸ ಮಾಡುತ್ತವೆ. ಮೊಟ್ಟೆ ಇಟ್ಟ ಕಾಗದವನ್ನು ಚೂರು ಮಾಡಿ ಎಲೆಯ ಅಡಿಗೆ ಚುಚ್ಚಿಡಬಹುದು, ಇರುವೆ ಇರುವ ಬಳ್ಳಿಗೆ ಮಾತ್ರ ಬೇಡ. ನಾನು ಬಿಟ್ಟದ್ದು ಮೊದಲು ಹೇನು ಬೀಳುವ ಬದಿಯ ಎರಡು ಸಾಲಿಗೆ. ಬೆಳೆಯ ಉಳಿದ ಭಾಗಕ್ಕೆ ಗದ್ದೆಯ ಹುಳುಗಳೇ ಬಂದವು. ನಾವು ಮಾಡಬೇಕಾದ ದೊಡ್ಡ ಕೆಲಸ ಅವು ಬರುವ ಹೊತ್ತಿಗೆ ಕೊಲ್ಲದೆ ಇರುವುದು.

ಇನ್ನೊಂದು ಮಾತು. ಒಂದು ಹೇನೂ ಇರಬಾರದು ಎಂಬ ಹಟ ಬಿಡಬೇಕು. ಹೇನಿಲ್ಲದ ಗದ್ದೆಯಲ್ಲಿ ಗುಲಗಂಜಿ ಹುಳುವಿಗೆ ಅನ್ನವಿಲ್ಲ, ಅದು ನಿಲ್ಲುವುದಿಲ್ಲ. ಆಮೇಲೆ ಹೇನು ಬಂದರೆ ಕೇಳುವವರಿಲ್ಲ. ವಿಷ ಹೊಡೆದ ಮೇಲೆ ಹೇನು ಇಮ್ಮಡಿಯಾಗಿ ಬರುವ ಗುಟ್ಟೂ ಇದೇ. ಉಳಿದ ನಾಲ್ಕು ಹೇನು ವಾರದಲ್ಲಿ ಸಂಸಾರ ಕಟ್ಟುತ್ತವೆ. ಗುಲಗಂಜಿಗೆ ಒಂದು ತಲೆಮಾರು ದಾಟಲು ಮೂರು ವಾರ ಬೇಕು.

ಬಿಳಿ ಮರಿಯನ್ನೂ ಗುರುತಿಸಿ

ಪೇರಳೆ, ಕಾಫಿ, ದಾಸವಾಳದಲ್ಲಿ ಹಿಟ್ಟುತಿಗಣೆ ಬಂದಾಗ ಅದರ ನಡುವೆ ಇನ್ನೂ ಉದ್ದ ಬಿಳಿ ಕೂದಲಿನ, ಸರಸರ ನಡೆಯುವ ಹುಳು ಕಂಡರೆ ಅದು ದೊಡ್ಡ ಹಿಟ್ಟುತಿಗಣೆ ಅಲ್ಲ. ಹಿಟ್ಟುತಿಗಣೆಯನ್ನು ತಿನ್ನುವ ಗುಲಗಂಜಿ ಜಾತಿಯ ಮರಿ, ಕ್ರಿಪ್ಟೊಲೀಮಸ್. ಕಡ್ಡಿಯಿಂದ ಕೆದಕಿ ನೋಡಿ. ಹಿಟ್ಟುತಿಗಣೆ ನಿಧಾನ, ಇದು ಓಡುತ್ತದೆ. ದೊಡ್ಡ ಹುಳುವಿಗೆ ಚುಕ್ಕೆ ಇಲ್ಲ. ಕಪ್ಪು ಬೆನ್ನು, ತಲೆ ಮತ್ತು ಹಿಂತುದಿ ಕಿತ್ತಳೆ.

ಇದು ಆಸ್ಟ್ರೇಲಿಯಾದ ಹುಳು. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ಭಾರತಕ್ಕೆ ತಂದರು. ಆ ಕೀಟದ ಮೇಲೆ ಕೆಲಸ ಮಾಡಲಿಲ್ಲ, ಹಿಟ್ಟುತಿಗಣೆ ತಿಂದುಕೊಂಡು ಇಲ್ಲಿಯೇ ನೆಲೆಯಾಯಿತು. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಇದನ್ನು ಸಾಕುವುದು ಸಿಹಿಗುಂಬಳದ ಮೇಲೆ. ಇಡೀ ಕುಂಬಳಕ್ಕೆ ಹಿಟ್ಟುತಿಗಣೆ ಹತ್ತಿಸಿ, ಅದು ತುಂಬಿದ ಮೇಲೆ ಪೆಟ್ಟಿಗೆಯೊಳಗೆ ಹುಳು ಬಿಟ್ಟು, ಸುಮಾರು ತಿಂಗಳಲ್ಲಿ ಹೊಸ ಹುಳು ಪಡೆಯುತ್ತಾರೆ. ಅಲ್ಲೂ ಮೊದಲು ಸಾಕುವುದು ಶತ್ರುವನ್ನೇ!

ಗುಲಗಂಜಿಯ ಸಾಮರ್ಥ್ಯ ಮೊದಲು ಲೋಕಕ್ಕೆ ಗೊತ್ತಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಕಿತ್ತಳೆ ತೋಟಗಳನ್ನು ಹತ್ತಿಯಂಥ ಶಲ್ಕ ಕೀಟ ಮುಗಿಸುತ್ತಾ ಬಂದಿತ್ತು. ಆ ಕೀಟದ ಮೂಲ ಆಸ್ಟ್ರೇಲಿಯಾ. ಅಲ್ಲಿ ಅದನ್ನು ತಿನ್ನುವವರು ಇರಲೇಬೇಕು ಎಂದು 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬವರನ್ನು ಕಳಿಸಿದರು. ಅವರು ಹಡಗಿನಲ್ಲಿ ಕಳಿಸಿದ ರೊಡೋಲಿಯ ಎಂಬ ಗುಲಗಂಜಿ ಹುಳುಗಳು ಕೆಲವು ನೂರು ಮಾತ್ರ. ಅವನ್ನು ಪರದೆ ಕಟ್ಟಿದ ಕಿತ್ತಳೆ ಮರದಲ್ಲಿ ಬಿಟ್ಟು ಹೆಚ್ಚಿಸಿದರು. ಎರಡು ವರ್ಷದೊಳಗೆ ತೋಟಗಳು ಚೇತರಿಸಿದವು.

ವೇಷ ಒಂದೇ, ಕಸುಬು ಬೇರೆ

ಎಲ್ಲ ಗುಲಗಂಜಿಯೂ ನೆಂಟನಲ್ಲ. ಬದನೆ, ಬಟಾಟೆಯ ಎಲೆಯನ್ನು ಜರಡಿ ಮಾಡುವ 28 ಚುಕ್ಕೆಯ ಎಪಿಲಾಕ್ನ ಕೂಡ ಇದೇ ಕುಟುಂಬದ್ದು. ಹಾಗಲದಲ್ಲೂ ಇದರ ಬಳಗದವು ಇವೆ. ಗುರುತು ಹೀಗೆ: ಉಪಕಾರಿಯ ಬೆನ್ನು ಎಣ್ಣೆ ಹಚ್ಚಿದಂತೆ ಮಿರುಗುತ್ತದೆ. ಎಪಿಲಾಕ್ನದ್ದು ಮಂಕು, ಮೇಲೆ ಸಣ್ಣ ರೋಮ. ಅದರ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು, ನಡಿಗೆ ನಿಧಾನ. ಎಲ್ಲಕ್ಕಿಂತ ಸುಲಭದ ಪರೀಕ್ಷೆ ಅದು ಕೂತ ಜಾಗ ನೋಡುವುದು. ಎಲೆ ಕೆರೆದು ಬಲೆಯಾಗಿದ್ದರೆ ಕಳ್ಳ. ಎಲೆ ಸರಿಯಿದ್ದು ಸುತ್ತ ಹೇನು ಇದ್ದರೆ ಕಾವಲುಗಾರ. ಎಪಿಲಾಕ್ನವನ್ನು ಮೊಟ್ಟೆ, ಮರಿ ಸಮೇತ ಕೈಯಲ್ಲಿ ಆರಿಸಿ ಸಾಬೂನು ನೀರಿಗೆ ಹಾಕಿ.

ಈಗ ನಾವು ಮಾಡುವುದು

ಈಗ ಮೂರು ಬೇಸಿಗೆ ಆಯಿತು, ಅಲಸಂಡೆಗೆ ವಿಷ ಹೊಡೆದಿಲ್ಲ. ಎಲ್ಲವೂ ಸುಸೂತ್ರ ಎಂದು ಹೇಳಿದರೆ ಸುಳ್ಳಾದೀತು. ಹೇನು ಮೊದಲು ಬರುತ್ತದೆ, ಗುಲಗಂಜಿ ಹಿಂದಿನಿಂದ. ಆ ನಡುವಿನ ಒಂದು ವಾರ ಎದೆ ಗಟ್ಟಿ ಬೇಕು. ಎಳೆ ಗಿಡಕ್ಕೇ ಹೇನು ಹತ್ತಿದರೆ ಹುಳುವಿಗೆ ಕಾಯುತ್ತಾ ಕೂರುವಂತಿಲ್ಲ. ಬೆರಳಲ್ಲಿ ಉಜ್ಜಿ ತೆಗೆಯುತ್ತೇನೆ, ತೀರಾ ತುಂಬಿದ ಕುಡಿಯನ್ನು ಚಿವುಟುತ್ತೇನೆ, ನೀರನ್ನು ರಭಸದಿಂದ ಹಾರಿಸುತ್ತೇನೆ. ಹೇನು ಹರಡುವ ನಂಜುರೋಗ ಹತ್ತಿ ಎಲೆ ಮುರುಟಿದ ಬಳ್ಳಿಗೆ ಗುಲಗಂಜಿಯಿಂದ ಉಪಾಯವಿಲ್ಲ, ಕಿತ್ತು ದೂರ ಹಾಕುವುದೇ. ಹೋದ ವರ್ಷ ಒಂದು ಸಾಲಿನಲ್ಲಿ ಅರ್ಧ ಹೀಗೆ ಹೋಯಿತು. ಬೇವಿನ ಕಷಾಯವನ್ನೂ ಎಲ್ಲ ಕಡೆ ಎರಚುವುದಿಲ್ಲ. ಪೊರೆ ಕಳಚುವ ಮರಿಗೆ ಅದೂ ತೊಂದರೆಯೇ. ಮರಿ ಇಲ್ಲದ, ಹೇನು ಹೆಚ್ಚಿರುವ ಕುಡಿಗೆ ಮಾತ್ರ.

ಪಂಪಿಗೆ ಕೈಹಾಕುವ ಮೊದಲು ಅಲ್ಲೊಂದು ಇಲ್ಲೊಂದು ಹತ್ತು ಕುಡಿ ಬಗ್ಗಿಸಿ ನೋಡುವುದು ನನ್ನ ಅಭ್ಯಾಸ. ಹಳದಿ ಮೊಟ್ಟೆ, ಮೊಸಳೆ ಮರಿ, ಎಲೆಗಂಟಿದ ಕೋಶ - ಇವುಗಳಲ್ಲಿ ಯಾವುದಾದರೂ ನಾಲ್ಕೈದು ಕುಡಿಯಲ್ಲಿ ಕಂಡರೆ ಪಂಪು ಮಾಡಿಗೆ ವಾಪಸ್. ಐದು ದಿನ ಬಿಟ್ಟು ಮತ್ತೆ ನೋಡುತ್ತೇನೆ. ಹೆಚ್ಚಿನ ಸಲ ಆಮೇಲೆ ನೋಡಲು ಹೇನೇ ಉಳಿದಿರುವುದಿಲ್ಲ.

ನೀವೂ ಈ ಬೇಸಿಗೆ ಒಂದು ಬಾಟಲಿ ಇಟ್ಟು ನೋಡಿ. ಮಕ್ಕಳ ಕೈಗೆ ಕೊಡಿ, ಅವರ ಕಣ್ಣು ನಮಗಿಂತ ಚುರುಕು. ಇಪ್ಪತ್ತು ದಿನ, ಖರ್ಚು ಸೊನ್ನೆ. ಒಮ್ಮೆ ಕಣ್ಣಾರೆ ನೋಡಿದ ಮೇಲೆ ಆ ಕಪ್ಪು ಮರಿಯ ಮೇಲೆ ವಿಷ ಹೊಡೆಯಲು ಕೈ ಬರುವುದಿಲ್ಲ.

ಮೊನ್ನೆ ಅಲಸಂಡೆಯ ಮೊದಲ ಕೊಯ್ಲು. ಕಟ್ಟು ಮಾಡುವ ಮೊದಲೇ ಅಮ್ಮ ಪಲ್ಯಕ್ಕೆಂದು ಒಂದು ಹಿಡಿ ತೆಗೆದಿಟ್ಟುಕೊಂಡರು. ಏನೂ ಕೇಳಲಿಲ್ಲ.